ಲಾಭದ ಗಡಿಯಲ್ಲಿ ನಿಂತುಹೋದ ತತ್ವ

2016ರ ಫೆಬ್ರುವರಿಯಲ್ಲಿ ಅಮೆರಿಕದ ನ್ಯಾಯಾಲಯವೊಂದು ಸ್ಯಾನ್ ಬರ್ನಾರ್ಡಿನೊ ನಗರದ ಹತ್ಯಾಕಾಂಡದ ಹಂತಕನೊಬ್ಬನ ಐಫೋನ್ ತೆರೆಯಲು ಎಫ್‌ಬಿಐಗೆ ನೆರವಾಗುವಂತೆ ಆ್ಯಪಲ್‌ಗೆ ಆದೇಶಿಸಿತು. ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಗ್ರಾಹಕರಿಗೆ ಬಹಿರಂಗ ಪತ್ರ ಬರೆದು ಆ ಆದೇಶವನ್ನು ವಿರೋಧಿಸಿದರು. 14 ಜನರನ್ನು ಕೊಂದ ಪ್ರಕರಣದಲ್ಲೂ ಖಾಸಗಿತನದ ಪರ ನಿಲ್ಲುವುದಕ್ಕೆ ಧೈರ್ಯ ಬೇಕಿತ್ತು.

ಆ ಧೈರ್ಯ ಚೀನಾದಲ್ಲಿ ಕಾಣಲಿಲ್ಲ. ಸರ್ಕಾರದ ಸೆನ್ಸಾರ್ ಗೋಡೆ ದಾಟಲು ಅಲ್ಲಿನ ಜನ ಬಳಸುತ್ತಿದ್ದ ವಿಪಿಎನ್ ಆ್ಯಪ್‌ಗಳನ್ನು ಇದೇ ಕಂಪನಿ 2017ರಲ್ಲಿ ತನ್ನ ಚೀನಾ ಆ್ಯಪ್ ಸ್ಟೋರ್‌ನಿಂದ ತೆಗೆದುಹಾಕಿತು. ಮರುವರ್ಷ ಚೀನೀ ಗ್ರಾಹಕರ ಐಕ್ಲೌಡ್ ದತ್ತಾಂಶವನ್ನು ಗುಯಿಝೌ ಪ್ರಾಂತೀಯ ಸರ್ಕಾರದ ಬೆಂಬಲವಿರುವ ಸಂಸ್ಥೆಗೆ ಒಪ್ಪಿಸಿತು. ಅದರ ಗೂಢಲಿಪಿ ಕೀಲಿಗಳೂ ಚೀನಾದೊಳಗೇ ಸೇರಿದವು. ಆಗ ಆ್ಯಪಲ್ ವರಮಾನದ ಸುಮಾರು ಐದನೇ ಒಂದು ಪಾಲು ಚೀನಾ ವಲಯದಿಂದ ಬರುತ್ತಿತ್ತು. ಐಫೋನ್‌ಗಳ ಬಹುಪಾಲು ಜೋಡಣೆಯೂ ಅಲ್ಲೇ ನಡೆಯುತ್ತಿತ್ತು.

ಆಯಾ ದೇಶದ ಕಾನೂನು ಪಾಲಿಸುತ್ತೇವೆ ಎಂಬುದು ಕಂಪನಿಗಳ ಸಮರ್ಥನೆ. ಯಾಹೂ ಕೂಡ ಇದನ್ನೇ ಹೇಳಿತ್ತು. ತಿಯಾನನ್ಮೆನ್ ಹತ್ಯಾಕಾಂಡದ 15ನೇ ವರ್ಷದ ಬಗ್ಗೆ ಸರ್ಕಾರ ಪತ್ರಿಕೆಗಳಿಗೆ ನೀಡಿದ್ದ ಸೂಚನೆಯನ್ನು ಇಮೇಲ್ ಮೂಲಕ ವಿದೇಶಕ್ಕೆ ತಿಳಿಸಿದ ಪತ್ರಕರ್ತ ಶಿ ತಾವೊ ಅವರ ಖಾತೆಯ ವಿವರವನ್ನು ಅದು ಪೊಲೀಸರಿಗೆ ಕೊಟ್ಟಿತು. 2005ರಲ್ಲಿ ಅವರಿಗೆ 10 ವರ್ಷ ಸೆರೆವಾಸವಾಯಿತು. 2007ರಲ್ಲಿ ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ಯಾಹೂ ಮುಖ್ಯಸ್ಥ ಜೆರ್ರಿ ಯಾಂಗ್ ಶಿ ತಾವೊ ಅವರ ತಾಯಿಯ ಕ್ಷಮೆ ಕೇಳಿದರು. ಮಗ ಹೊರಬಂದದ್ದು 2013ರಲ್ಲಿ.

ಬಾಯಿ ಮುಚ್ಚಿಸುವ ಆದೇಶ ಹೊರಡಿಸುವ ಸರ್ಕಾರವೇ ಮೊದಲ ಅಪರಾಧಿ. ಆದರೆ ಅದಕ್ಕೆ ಕೈಯಾಗಿ ದುಡಿದ ಕಂಪನಿ ನಿರಪರಾಧಿಯಾಗುವುದಿಲ್ಲ. ಬೇರೆ ದಾರಿ ಇರಲಿಲ್ಲ ಎಂಬ ಮಾತೂ ಸುಳ್ಳು. 2010ರಲ್ಲಿ ಗೂಗಲ್ ಚೀನಾದ ಹುಡುಕು ತಾಣದಲ್ಲಿ ಸೆನ್ಸಾರ್ ನಡೆಸಲು ಒಪ್ಪದೆ ಬಳಕೆದಾರರನ್ನು ಹಾಂಗ್‌ಕಾಂಗ್ ತಾಣಕ್ಕೆ ತಿರುಗಿಸಿತು. ದೊಡ್ಡ ಮಾರುಕಟ್ಟೆ ಕೈಬಿಟ್ಟಿತು, ಕಂಪನಿ ಮುಳುಗಲಿಲ್ಲ.

ನ್ಯಾಯಾಲಯದ ರಕ್ಷಣೆ ಇರುವಲ್ಲಿ ಎದೆ ಸೆಟೆಸಿ, ರಕ್ಷಣೆ ಇಲ್ಲದ ಜನರ ನಡುವೆ ತಲೆಬಾಗುವುದು ತತ್ವವಲ್ಲ. ಯಾವ ಆದೇಶ ಬಂದರೆ ಮಾರುಕಟ್ಟೆ ಬಿಟ್ಟು ಹೊರಡುತ್ತೇವೆ ಎಂಬುದನ್ನು ಕಂಪನಿಗಳು ಒಂದು ದೇಶಕ್ಕೆ ಕಾಲಿಡುವ ಮೊದಲೇ ಬರೆದು ಪ್ರಕಟಿಸಬೇಕು.

ಈಗ ಐಫೋನ್ ಕೋಲಾರದ ನರಸಾಪುರದಲ್ಲೂ ದೇವನಹಳ್ಳಿಯಲ್ಲೂ ತಯಾರಾಗುತ್ತಿದೆ. ಹೂಡಿಕೆಯ ಬೇರು ಆಳಕ್ಕಿಳಿದಷ್ಟೂ ಕಂಪನಿಯ ಮೇಲೆ ಸರ್ಕಾರದ ಹಿಡಿತ ಬಿಗಿಯಾಗುತ್ತದೆ. ಚೀನಾದಲ್ಲಿ ಆದದ್ದು ಅದೇ. ಯಾವ ಆದೇಶಕ್ಕೆ ಹೊರಡುತ್ತೇವೆ ಎಂಬ ಆ ಬರಹವನ್ನು ಕಂಪನಿಗಳಿಂದ ಕೇಳಿ ಪಡೆಯುವ ಹಕ್ಕು ನಮಗೂ ಇದೆ.