ದುಬಾರಿ ಕಾರ್ಟ್ರಿಜ್‌ಗಿಂತ ಬದಲಿಸಬಹುದಾದ ಮುಳ್ಳೇ ಮೇಲು

ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ಅನಾಹುತವಾಯಿತು. ಮಾಡಿದವಳು ನಾನೇ. ದಾದಾ ಅವರ ರೆಕಾರ್ಡ್ ಪ್ಲೇಯರ್ ಮೇಲಿನ ಧೂಳು ಒರೆಸುವಾಗ ನನ್ನ ದುಪಟ್ಟಾದ ಅಂಚು ಮುಳ್ಳಿಗೆ ಸಿಕ್ಕಿಕೊಂಡಿತು. ಬಿಡಿಸಲು ಎಳೆದೆ. ಮುಳ್ಳನ್ನು ಹಿಡಿದಿರುವ ಸಣ್ಣ ಕಡ್ಡಿ ಬಾಗಿಹೋಯಿತು. ಸಂಜೆ ಅಸರ್ ನಮಾಜ್ ಮುಗಿಸಿ ಬಂದ ದಾದಾ ಎಂದಿನಂತೆ ರೆಕಾರ್ಡ್ ಹಾಕಲು ಹೋದಾಗ ನಾನು ಅಡುಗೆಮನೆಯಲ್ಲಿ ಅಮ್ಮಿಯ ಹಿಂದೆ ನಿಂತಿದ್ದೆ. ಅವರು ಬೈಯಲಿಲ್ಲ. "ಸೂಯಿ ಹೋಯಿತಾ? ಇರಲಿ ಬಿಡು ಬೇಟಿ" ಎಂದಷ್ಟೇ ಹೇಳಿ ಪ್ಲೇಯರ್‌ನ ಮುಚ್ಚಳ ಹಾಕಿದರು. ಬೈದಿದ್ದರೆ ವಾಸಿಯಿತ್ತು.

ಸುದ್ದಿ ದಮ್ಮಾಮ್‌ನಲ್ಲಿರುವ ಚಾಚಾಗೆ ಮುಟ್ಟಿತು. ಅವರು ಫೋನ್‌ನಲ್ಲಿ, "ಹಳೆಯದನ್ನು ತೆಗೆದು ಹಾಕಿ. ನಾನು ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಕಳಿಸುತ್ತೇನೆ. ಅದೇ ಎಲ್ಲಕ್ಕಿಂತ ಒಳ್ಳೆಯದಂತೆ. ಅಬ್ಬಾಗೆ ಕಡಿಮೆ ದರ್ಜೆಯದ್ದು ಯಾಕೆ?" ಎಂದರು. ಮನೆಯವರಿಗೆಲ್ಲ ಖುಷಿ. ಬೇಡ ಎಂದವಳು ನಾನೊಬ್ಬಳೇ. "ಒಡೆದವಳೂ ನೀನೇ, ಬೇಡ ಅನ್ನುವವಳೂ ನೀನೇನಾ?" ಎಂದು ಭಾಯಿಜಾನ್ ನಕ್ಕರು. ನಾನು ಬೇಡ ಎಂದದ್ದು ಯಾಕೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಟ್ಟದ ಮೇಲೆ ಅಥವಾ ಅಲ್ಮೇರಾದಲ್ಲಿ ರೆಕಾರ್ಡುಗಳಿರುವ ಮನೆ ನಮ್ಮದೊಂದೇ ಅಲ್ಲ.

ಮೊದಲು ಕಾರ್ಟ್ರಿಜ್ ಎಂದರೇನು ಎಂದು ಹೇಳಬೇಕು. ರೆಕಾರ್ಡ್ ಪ್ಲೇಯರ್‌ನ ತೋಳಿನ ತುದಿಯಲ್ಲಿ ಬೆರಳ ತುದಿಯಷ್ಟು ದೊಡ್ಡ ಒಂದು ಡಬ್ಬಿ ಇರುತ್ತದೆ. ಅದರ ಕೆಳಗಿನ ಕಡ್ಡಿಯ ತುದಿಯಲ್ಲಿ ವಜ್ರದ ಮುಳ್ಳು. ರೆಕಾರ್ಡಿನ ಗೆರೆಯಲ್ಲಿ ಮುಳ್ಳು ಅಲುಗಾಡುತ್ತದೆ, ಆ ಅಲುಗಾಟವನ್ನು ಡಬ್ಬಿ ವಿದ್ಯುತ್ತಾಗಿ ಬದಲಿಸುತ್ತದೆ. ಸೈನ್ಸ್ ಸೆಕ್ಷನ್‌ನ ನನ್ನ ಗೆಳತಿಯನ್ನು ಕೇಳಿದಾಗ ಅವಳು ತನ್ನ ಫಿಸಿಕ್ಸ್ ಪುಸ್ತಕ ತೆರೆದು, "ಇದು 1831ರಲ್ಲಿ ಫ್ಯಾರಡೆ ಕಂಡುಹಿಡಿದದ್ದೇ. ಸುರುಳಿಯ ಹತ್ತಿರ ಆಯಸ್ಕಾಂತ ಅಲುಗಾಡಿದರೂ ವಿದ್ಯುತ್ತು, ಆಯಸ್ಕಾಂತದ ಹತ್ತಿರ ಸುರುಳಿ ಅಲುಗಾಡಿದರೂ ವಿದ್ಯುತ್ತು" ಎಂದಳು. ಎರಡು ಬಗೆಯ ಕಾರ್ಟ್ರಿಜ್‌ಗಳ ವ್ಯತ್ಯಾಸ ಇಷ್ಟೇ. ಮೂವಿಂಗ್ ಮ್ಯಾಗ್ನೆಟ್‌ನಲ್ಲಿ ಕಡ್ಡಿಯ ಇನ್ನೊಂದು ತುದಿಗೆ ಪುಟ್ಟ ಆಯಸ್ಕಾಂತ ಅಂಟಿರುತ್ತದೆ, ತಂತಿಯ ಸುರುಳಿ ಡಬ್ಬಿಯೊಳಗೆ ಕದಲದೆ ಇರುತ್ತದೆ. ಮೂವಿಂಗ್ ಕಾಯಿಲ್‌ನಲ್ಲಿ ಇದು ತಿರುಗುಮುರುಗು: ಆಯಸ್ಕಾಂತ ಕದಲುವುದಿಲ್ಲ, ಕಡ್ಡಿಯ ಜೊತೆ ಸುರುಳಿ ಅಲುಗಾಡುತ್ತದೆ.

ಚಾಚಾ ಹೇಳಿದ್ದು ಸುಳ್ಳಲ್ಲ. ಸಣ್ಣ ಸುರುಳಿ ಹಗುರ. ಹಗುರವಾದದ್ದು ಗೆರೆಯ ಸೂಕ್ಷ್ಮ ಏರಿಳಿತವನ್ನು ಬೇಗ ಹಿಂಬಾಲಿಸುತ್ತದೆ. ತಾರಕ ಸ್ವರಗಳು, ತಬಲಾದ ಪೆಟ್ಟಿನ ಅಂಚು ಸ್ಪಷ್ಟವಾಗಿ ಬರುತ್ತವೆ ಎಂದು ಬಲ್ಲವರು ಹೇಳುತ್ತಾರೆ. ಡೆನಾನ್ ಕಂಪನಿಯ ಡಿಎಲ್-103 ಎಂಬ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ 1962ರಲ್ಲಿ ಜಪಾನಿನ ರೇಡಿಯೋ ಸಂಸ್ಥೆ ಎನ್‌ಎಚ್‌ಕೆಗಾಗಿ ತಯಾರಾಯಿತು. ಅದರ ಹೆಸರು ಇವತ್ತಿಗೂ ಉಳಿದಿದೆ. ಒಳ್ಳೆಯದಲ್ಲದಿದ್ದರೆ ಅಷ್ಟು ಕಾಲ ಬಾಳುತ್ತಿರಲಿಲ್ಲ.

ಆದರೆ ಆ ಹಗುರತನಕ್ಕೂ ಬೆಲೆ ಕೊಡಬೇಕು. ಸುರುಳಿ ಹಗುರವಾಗಿರಬೇಕಾದರೆ ತಂತಿಯ ಸುತ್ತುಗಳು ಕಡಿಮೆ ಇರಬೇಕು. ಸುತ್ತು ಕಡಿಮೆಯಾದರೆ ವಿದ್ಯುತ್ತೂ ಕಡಿಮೆ. ನಮ್ಮ ಮನೆಯಲ್ಲಿರುವುದು ಆಡಿಯೋ ಟೆಕ್ನಿಕಾದ ವಿಎಂ95ಇ, ಮೂವಿಂಗ್ ಮ್ಯಾಗ್ನೆಟ್. ಅದು ಸುಮಾರು 4 ಮಿಲಿವೋಲ್ಟ್ ಕೊಡುತ್ತದೆ. ಡಿಎಲ್-103 ಕೊಡುವುದು 0.3 ಮಿಲಿವೋಲ್ಟ್. ಅಂದರೆ ಹದಿಮೂರರಲ್ಲಿ ಒಂದು ಪಾಲು. ನಮ್ಮ ಆಂಪ್ಲಿಫೈಯರ್‌ನ ಫೋನೋ ಇನ್‌ಪುಟ್ ಮೂವಿಂಗ್ ಮ್ಯಾಗ್ನೆಟ್‌ಗಾಗಿ ಮಾಡಿದ್ದು. ಅದಕ್ಕೆ ಮೂವಿಂಗ್ ಕಾಯಿಲ್ ಸಿಕ್ಕಿಸಿದರೆ ಹಾಡು ಪಿಸುಗುಟ್ಟುತ್ತದೆ. ವಾಲ್ಯೂಮ್ ಏರಿಸಿದರೆ ಹಾಡಿನ ಜೊತೆ ಗುಂಯ್ ಎನ್ನುವ ಸದ್ದೂ ಏರುತ್ತದೆ. ಸರಿಪಡಿಸಲು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಅಥವಾ ಬೇರೆ ಪ್ರೀ-ಆಂಪ್ಲಿಫೈಯರ್ ಕೊಳ್ಳಬೇಕು. ಚಾಚಾ ಕಾರ್ಟ್ರಿಜ್ ಕಳಿಸಬಹುದು, ಇದನ್ನು ಯಾರು ತರುವುದು? ಹೆಚ್ಚು ವೋಲ್ಟೇಜ್ ಕೊಡುವ ಮೂವಿಂಗ್ ಕಾಯಿಲ್‌ಗಳೂ ಸಿಗುತ್ತವೆ, ನಿಜ. ಆದರೆ ಅವುಗಳಿಂದಲೂ ನಾನು ಮುಂದೆ ಹೇಳುವ ತೊಂದರೆ ಸಾಮಾನ್ಯವಾಗಿ ತೀರುವುದಿಲ್ಲ.

ಆ ತೊಂದರೆ ಮುಳ್ಳಿನದು. ಮೂವಿಂಗ್ ಮ್ಯಾಗ್ನೆಟ್‌ನಲ್ಲಿ ಮುಳ್ಳು, ಕಡ್ಡಿ, ಆಯಸ್ಕಾಂತ ಮೂರೂ ಸೇರಿ ಒಂದೇ ತುಂಡು. ಅದನ್ನು ಕೈಯಿಂದಲೇ ತೆಗೆದು ಹೊಸದನ್ನು ಸಿಕ್ಕಿಸಬಹುದು. ಮೂವಿಂಗ್ ಕಾಯಿಲ್‌ನಲ್ಲಿ ಕಡ್ಡಿಯ ಮೇಲಿನ ಸುರುಳಿಯಿಂದ ಅತಿ ತೆಳುವಾದ ತಂತಿಗಳು ಹಿಂದಿನ ಪಿನ್ನುಗಳಿಗೆ ಹೋಗಿರುತ್ತವೆ, ಹಾಗಾಗಿ ಎಳೆದು ತೆಗೆಯುವಂತಿಲ್ಲ. ಮುಳ್ಳು ಸವೆದರೆ ಕಾರ್ಟ್ರಿಜ್ಜನ್ನೇ ಬದಲಿಸಬೇಕು, ಇಲ್ಲವೇ ನುರಿತವರ ಬಳಿ ಕಳಿಸಿ ಹೊಸ ಮುಳ್ಳು ಕೂರಿಸಬೇಕು.

ಮುಳ್ಳು ವಜ್ರದ್ದಾದರೂ ಸವೆಯುತ್ತದೆ. ನಮ್ಮಲ್ಲಿರುವಂಥ ಅಂಡಾಕಾರದ ಮುಳ್ಳಿಗೆ ಸುಮಾರು 300 ಗಂಟೆ, ದುಂಡು ಮುಳ್ಳಿಗೆ ಸುಮಾರು 500 ಗಂಟೆ ಎಂದು ಕಂಪನಿಯೇ ಲೆಕ್ಕ ಕೊಡುತ್ತದೆ. ದಾದಾ ದಿನಕ್ಕೆ ಒಂದು ಎಲ್.ಪಿ. ಕೇಳುತ್ತಾರೆ, ಎರಡೂ ಬದಿ ಸೇರಿ ಸುಮಾರು 40 ನಿಮಿಷ. ರಂಜಾನ್ ತಿಂಗಳಿನಲ್ಲಿ ಪ್ಲೇಯರ್ ತೆರೆಯುವುದಿಲ್ಲ. ಉಳಿದ 335 ದಿನಕ್ಕೆ 13,400 ನಿಮಿಷ, ಅಂದರೆ ವರ್ಷಕ್ಕೆ ಸುಮಾರು 223 ಗಂಟೆ. ಹೀಗಾಗಿ ಅಂಡಾಕಾರದ ಮುಳ್ಳು ಒಂದು ವರ್ಷ ನಾಲ್ಕು ತಿಂಗಳು ಬರುತ್ತದೆ, ದುಂಡು ಮುಳ್ಳು ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು.

ಅಕೌಂಟೆನ್ಸಿ ಓದುವವರಿಗೆ ಇದು ಗೊತ್ತಿರುವ ವಿಷಯ. ಕಾರ್ಟ್ರಿಜ್ ಬಂಡವಾಳ ವೆಚ್ಚ, ಮುಳ್ಳು ಆದಾಯ ವೆಚ್ಚ. ಮೂವಿಂಗ್ ಮ್ಯಾಗ್ನೆಟ್‌ನಲ್ಲಿ ಬಂಡವಾಳ ಹಾಕುವುದು ಒಂದೇ ಸಲ, ಆಮೇಲೆ ಬರೀ ಮುಳ್ಳಿನ ಖರ್ಚು. ಮೂವಿಂಗ್ ಕಾಯಿಲ್‌ನಲ್ಲಿ ಪ್ರತಿ ಬಾರಿಯೂ ಬಂಡವಾಳದಷ್ಟೇ ಹೊರೆ. ಚಾಚಾ ಮೊದಲ ಸಲ ಪ್ರೀತಿಯಿಂದ ಕಳಿಸುತ್ತಾರೆ. ಎರಡನೇ ಸಲ ಮಗನನ್ನು ಕೇಳಲು ದಾದಾ ಬಾಯಿ ತೆರೆಯುವುದಿಲ್ಲ. ನನಗೆ ಅವರ ಸ್ವಭಾವ ಗೊತ್ತು. "ಸಾಕು ಬಿಡು, ಎಷ್ಟು ಕೇಳುವುದು" ಎಂದು ಮುಚ್ಚಳ ಹಾಕಿಬಿಡುತ್ತಾರೆ. ಅದಕ್ಕೂ ಮೊದಲೇ, ದುಬಾರಿ ವಸ್ತು ಸವೆದೀತು ಎಂದು ದಿನಾ ಕೇಳುವುದನ್ನು ವಾರಕ್ಕೊಮ್ಮೆ ಮಾಡುತ್ತಾರೆ. ನಮ್ಮ ಮನೆಯ ಒಳ್ಳೆಯ ಪಿಂಗಾಣಿ ಕಪ್ಪುಗಳು ಶೋಕೇಸ್‌ನಲ್ಲೇ ಇವೆ, ನಾವು ಚಹಾ ಕುಡಿಯುವುದು ಸ್ಟೀಲ್ ಲೋಟದಲ್ಲಿ. ರೆಕಾರ್ಡ್ ಪ್ಲೇಯರ್‌ಗೂ ಆ ಗತಿ ಬರಬಾರದು.

ಇನ್ನೊಂದು ಕಾರಣವಿದೆ. ದಾದಾ ಅವರ ಅಬ್ಬಾ ಬಿಟ್ಟುಹೋದ ಕೆಲವು 78 ಆರ್‌ಪಿಎಂ ರೆಕಾರ್ಡುಗಳು ನಮ್ಮಲ್ಲಿವೆ. ಅವುಗಳಲ್ಲಿ ಒಂದು ಗೌಹರ್ ಜಾನ್ ಅವರದು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ ಹೆಸರಾದ ಅವರು ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು, 1930ರಲ್ಲಿ ಅಲ್ಲೇ ತೀರಿಕೊಂಡರು. ಆ ರೆಕಾರ್ಡುಗಳ ಗೆರೆ ಅಗಲ, ಎಲ್.ಪಿ. ಮುಳ್ಳಿಗಿಂತ ಸುಮಾರು ನಾಲ್ಕು ಪಟ್ಟು ದಪ್ಪದ ಮುಳ್ಳು ಬೇಕು. ವಿಎಂ95 ಸಾಲಿನಲ್ಲಿ 78ಕ್ಕೆಂದೇ ಒಂದು ಮುಳ್ಳು ಸಿಗುತ್ತದೆ. ಅದೇ ಡಬ್ಬಿಗೆ ಅದನ್ನು ಸಿಕ್ಕಿಸಿ ಕೇಳಬಹುದು. ಮೂವಿಂಗ್ ಕಾಯಿಲ್ ಆದರೆ ಇದಕ್ಕೂ ಬೇರೆಯೇ ಕಾರ್ಟ್ರಿಜ್.

ಕೊನೆಯ ಕಾರಣ ಬರೆಯಲು ಮನಸ್ಸು ಹಿಂಜರಿಯಿತು. ದಾದಾಗೆ ಈಗ ಎಪ್ಪತ್ತೊಂಬತ್ತು. ಎತ್ತರದ ಧ್ವನಿಗಳು ಅವರಿಗೆ ಸರಿಯಾಗಿ ಕೇಳುತ್ತಿಲ್ಲ ಎಂದು ಕಿವಿಯ ಡಾಕ್ಟರ್ ಹೇಳಿದ್ದಾರೆ. ವಯಸ್ಸಾದಾಗ ಮೊದಲು ಹೋಗುವುದೇ ಅವು. ಮೂವಿಂಗ್ ಕಾಯಿಲ್ ಹೆಚ್ಚಾಗಿ ಕೊಡುವುದೂ ಅಲ್ಲೇ. ಕೇಳಿಸದ ಭಾಗಕ್ಕೆ ದುಡ್ಡು ಸುರಿಯುವ ಬದಲು, ಕೇಳಿಸುವಷ್ಟು ದಿನ ಒಂದು ಸಂಜೆಯೂ ತಪ್ಪದಂತೆ ನೋಡಿಕೊಳ್ಳುವುದೇ ನಿಜವಾದ ಖಿದ್ಮತ್ ಎಂದು ನನಗನ್ನಿಸುತ್ತದೆ.

ಒಳ್ಳೆಯ ಆಂಪ್ಲಿಫೈಯರ್, ಒಳ್ಳೆಯ ಕಿವಿ, ಮತ್ತೆ ಕೊಳ್ಳುವ ಶಕ್ತಿ ಮೂರೂ ಇರುವವರು ಮೂವಿಂಗ್ ಕಾಯಿಲ್ ಧಾರಾಳವಾಗಿ ಕೊಳ್ಳಲಿ. ನನ್ನ ತಕರಾರು ಆ ವಸ್ತುವಿನ ಮೇಲಲ್ಲ. ಹೆಚ್ಚು ಬೆಲೆಯದ್ದನ್ನು ಕೊಟ್ಟರೆ ಹೆಚ್ಚು ಗೌರವ ಕೊಟ್ಟಂತೆ ಎಂದು ನಾವು ತಿಳಿಯುತ್ತೇವಲ್ಲ, ಅದರ ಮೇಲೆ. ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ: ಮನೆಯಲ್ಲಿರುವುದರ ಜೊತೆ ಇದು ಹೊಂದುತ್ತದೆಯೇ? ಕೆಟ್ಟರೆ ನಾವೇ ಸರಿಪಡಿಸಬಹುದೇ? ಬಳಸುವವರು ಹೆದರಿಕೆಯಿಲ್ಲದೆ ದಿನಾ ಬಳಸುತ್ತಾರೆಯೇ?

ಒಡೆದವಳು ನಾನಾದ್ದರಿಂದ ನನ್ನ ಈದಿ ಹಣದಲ್ಲಿ ಹೊಸ ಮುಳ್ಳು ತರಿಸಿದೆ. ಸಿಕ್ಕಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ದಾದಾ ಮೊದಲು ಹಾಕಿದ್ದು 'ಸನಾದಿ ಅಪ್ಪಣ್ಣ' ಚಿತ್ರದ ರೆಕಾರ್ಡ್, ಬಿಸ್ಮಿಲ್ಲಾ ಖಾನ್ ಸಾಹೇಬರ ಶಹನಾಯಿಗಾಗಿ. ಚಾಚಾ ಇನ್ನೂ ಪೂರ್ತಿ ಒಪ್ಪಿಲ್ಲ. ಅವರಿಗೆ ಈ ಲೇಖನ ಕಳಿಸುತ್ತೇನೆ. ಕಳಿಸಲೇಬೇಕೆಂದಿದ್ದರೆ ಇನ್ನೆರಡು ಮುಳ್ಳು ಕಳಿಸಲಿ. ಪ್ಲೇಯರ್ ಒರೆಸುವ ಕೆಲಸ ಈಗಲೂ ನನ್ನದೇ, ಆದರೆ ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು.