ಹೆಸರಿನ ಜಾಗದಲ್ಲಿ ಒಂದು ಅಂಕಿ

ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಯಲ್ಲಿ ನನ್ನ ನೆಗೆಣ್ಣಿ ಇದ್ದಾಳೆ. ನಸುಕಿನಲ್ಲೆದ್ದು ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಹೊತ್ತು, ಉಳ್ಳಾಗಡ್ಡಿಯ ಕಳೆ ತೆಗೆದು, ಸಂಜೆ ಮೇವಿನ ಹೊರೆಯೊಂದಿಗೆ ಮರಳುವವಳು. ಒಮ್ಮೆ ಯಾವುದೋ ಸಮೀಕ್ಷೆಗೆ ಬಂದವರು ಅವಳ ಕೆಲಸವೇನೆಂದು ಕೇಳಿದಾಗ, ಮೈದುನ ಕಟ್ಟೆಯ ಮೇಲೆ ಕೂತೇ ಹೇಳಿದ: "ಏನಿಲ್ರಿ, ಮನ್ಯಾಗ ಇರ್ತಾಳ." ಮುಗಿಯಿತು. ಹಾಳೆಯ ಮೇಲೆ ಒಂದು ಅಂಕಿ ಬಿತ್ತು.

ಅಂಕಿಯಲ್ಲೇನಿದೆ ಅನ್ನಬೇಡಿ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ದುಡಿಮೆಗಾರರ ಸಮೀಕ್ಷೆಯ ಪಟ್ಟಿ ನೋಡಿ. ಮನೆಗೆಲಸ ಮಾತ್ರ ಮಾಡುವವರಿಗೆ 92. ಅದರ ಜತೆ ಕಟ್ಟಿಗೆ, ಮೇವು ಕೂಡಿಸಿ ತರುವ, ಮನೆಬಳಕೆಗೆ ಹೊಲಿಯುವ ಹೆಂಗಸರಿಗೆ 93. ಕೂಲಿಯಿಲ್ಲದೆ ಮನೆಯ ಹೊಲದಲ್ಲೋ ಅಂಗಡಿಯಲ್ಲೋ ನೆರವಾಗುವವರಿಗೆ 21. 21 ಬಿದ್ದರೆ ನೀವು ದುಡಿಯುವವರು. 92, 93 ಬಿದ್ದರೆ ಆ ಲೆಕ್ಕದಿಂದಲೇ ಹೊರಗೆ!

ಸಾಫ್ಟ್‌ವೇರ್ ಬರೆಯುವ ಅಕ್ಕನ ಮಗಳನ್ನು ಕೇಳಿದೆ. "ಚಿಗವ್ವಾ, ಪ್ರೋಗ್ರಾಮಿನ್ಯಾಗ ಹೆಸರಿನ ಪಟ್ಟಿ ಇರ್ತದ, ಅದಕ್ಕ ಈನಮ್ ಅಂತೀವಿ. ಡೇಟಾಬೇಸಿನ್ಯಾಗ ಮಾತ್ರ ಅಂಕಿ ಇಡ್ತೀವಿ. ಜಾಗ ಕಡಿಮಿ, ಹುಡುಕೂದು ಜಲ್ದಿ" ಅಂದಳು. ಅದು ಸರಿಯೇ. ಆದರೆ ಪಟ್ಟಿಯ ಸರದಿಯಂತೆ ಅಂಕಿ ಕೊಟ್ಟಿದ್ದರೆ, ನಾಳೆ ಯಾರೋ ನಡುವೆ ಒಂದು ಹೆಸರು ತುರುಕಿದೊಡನೆ ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಜಾರುತ್ತವೆ. ನಿನ್ನೆ ವಿಧವೆಯೆಂದು ಬರೆಸಿದವಳು ಇಂದು ವಿಚ್ಛೇದಿತೆಯಾದಾಳು. ಯಂತ್ರ ಚಕಾರವೆತ್ತುವುದಿಲ್ಲ, ಅದಕ್ಕೆ 3 ಅಂದರೆ 3, ಅಷ್ಟೇ.

ಪಟ್ಟಿ ಮಾಡುವವರ ಮನಸ್ಸು ಇನ್ನೂ ದೊಡ್ಡ ಸಂಗತಿ. 2001ರ ಜನಗಣತಿಯ ಕೋಷ್ಟಕಗಳಲ್ಲಿ ವಿಚ್ಛೇದನ ಪಡೆದವರು, ಸುಮ್ಮನೆ ಬೇರೆಯಾದವರು ಒಂದೇ ಕಾಲಮ್ಮಿನಲ್ಲಿದ್ದರು. 2011ರಲ್ಲಿ ಎರಡಾದರು. ಕಾಗದವಿಲ್ಲದೆ, ಜೀವನಾಂಶವಿಲ್ಲದೆ ತವರಿಗೆ ಬಂದವಳೆಷ್ಟು ಮಂದಿ ಎಂದು ಆ ಹಳೆಯ ಕಾಲಮ್ಮನ್ನು ಕೇಳಿದರೆ ಅದು ಹೇಳದು. ಕೂಡಿಸುವುದು ಸುಲಭ, ಕೂಡಿಸಿದ್ದನ್ನು ಬಿಡಿಸುವುದು ಆಗದ ಮಾತು. 92ರಿಂದ 93ನ್ನು ಬೇರೆಯಿಟ್ಟಿದ್ದಕ್ಕೇ ಮೇವು ಹೊತ್ತವಳನ್ನು ಇಂದೂ ಹುಡುಕಿ ತೆಗೆಯಬಹುದು.

ಆದ್ದರಿಂದ ಕಂಪ್ಯೂಟರಿನ ಮುಂದೆ ಕೂತ ನಮ್ಮ ಮಕ್ಕಳಿಗೆ ನಾನು ಹೇಳುವುದಿಷ್ಟು: ಅಂಕಿ ಇಡಿ, ಬೇಡವೆನ್ನುವುದಿಲ್ಲ. ಆದರೆ ಒಂದೊಂದು ಹೆಸರಿಗೂ ಅದರ ಅಂಕಿಯನ್ನು ಕೈಯಾರೆ ಬರೆದು ಕಾಯಂ ಮಾಡಿ. ಒಮ್ಮೆ ಕೊಟ್ಟ ಅಂಕಿಯನ್ನು ಇನ್ನೊಬ್ಬರಿಗೆ ಕೊಡಬೇಡಿ. ಅಂಕಿಯ ಅರ್ಥ ಹೇಳುವ ಪಟ್ಟಿಯನ್ನು ಅದೇ ಡೇಟಾಬೇಸಿನಲ್ಲಿ ಇಡಿ. ಪ್ರೋಗ್ರಾಮು ಹೋದರೂ ಹೆಸರು ಉಳಿಯಲಿ.

ಅಕ್ಕಂದಿರೇ, ನಮ್ಮ ಪಾಲಿನ ಕೆಲಸವೂ ಇದೆ. ಮುಂದಿನ ಸಲ ಬಾಗಿಲಿಗೆ ಬಂದವರಿಗೆ ಕಟ್ಟೆಯ ಮೇಲಿನವರು ಉತ್ತರ ಕೊಡುವುದು ಬೇಡ. ಹಿಟ್ಟಿನ ಕೈಯಲ್ಲೇ ಹೊರಗೆ ಬನ್ನಿ. ಬೆಳಗಿನಿಂದ ಮಾಡಿದ್ದನ್ನೆಲ್ಲ ಹೇಳಿ, ಯಾವ ಅಂಕಿ ಬರೆದರೆಂದು ಕೇಳಿ.