ಸೋರಬೇಕಾದ ಗೋಡೆ

ಮೂಡಿಗೆರೆ, ಕಳಸದ ಕಡೆ ಮಳೆಗಾಲದಲ್ಲಿ ಎಲ್ಲಾದರೂ ಧರೆ ಕುಸಿದರೆ ಮರುದಿನವೇ ಏಳುವ ಬೇಡಿಕೆ ತಡೆಗೋಡೆಯದು. ಕಟ್ಟಿದ ತಡೆಗೋಡೆಯೇ ಕುಸಿದರೆ ಇನ್ನೂ ದಪ್ಪದ ತಡೆಗೋಡೆ ಬೇಕು ಎನ್ನುತ್ತಾರೆ. ಕೊಟ್ಟಿಗೆಹಾರದ ಹೋಟೆಲೊಂದರಲ್ಲಿ ನೀರುದೋಸೆ ತಿನ್ನುತ್ತಿದ್ದಾಗ ಪಕ್ಕದ ಮೇಜಿನವರೊಬ್ಬರು ತೀರ್ಪು ಕೊಟ್ಟೇಬಿಟ್ಟರು: "ಕಬ್ಬಿಣ ಕದಿಯದೆ ಕಟ್ಟಿದರೆ ಯಾವ ಗೋಡೆಯೂ ಬೀಳಲ್ಲ ಮಾರಾಯ್ರೇ." ಕದಿಯುವವರು ಇಲ್ಲವೆಂದು ನಾನೂ ಹೇಳಲಾರೆ. ಆದರೆ ಕಬ್ಬಿಣ ಲೆಕ್ಕಕ್ಕೆ ಸರಿಯಾಗಿ ಬಿದ್ದಿರುವ ಗೋಡೆಗಳೂ ಬೀಳುತ್ತವೆ. ನಮ್ಮ ಗುಡ್ಡಗಳಲ್ಲಿ ಗೋಡೆ ತಡೆಯಬೇಕಾದ್ದು ಮಣ್ಣನ್ನು. ನೀರನ್ನೂ ತಡೆಯುತ್ತೇನೆಂದು ಹೊರಟರೆ ಅದಕ್ಕೆ ಎಷ್ಟು ಸಿಮೆಂಟ್ ತಿನ್ನಿಸಿದರೂ ಸಾಲದು.

ಲೆಕ್ಕ ಕಷ್ಟದ್ದೇನಲ್ಲ. ಹತ್ತು ಅಡಿ ಎತ್ತರದ ಗೋಡೆಯ ಹಿಂದೆ ಸಾಧಾರಣ ಒಣಮಣ್ಣು ತುಂಬಿದರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಬೀಳುವ ತಳ್ಳು ಸುಮಾರು ಎರಡೂವರೆಯಿಂದ ಮೂರು ಟನ್. ಅದೇ ಮಣ್ಣಿನೊಳಗೆ ಗೋಡೆಯ ತಲೆಯವರೆಗೆ ನೀರು ನಿಂತರೆ ಅದು ಆರು ಟನ್ನಿನ ಹತ್ತಿರಕ್ಕೆ ಏರುತ್ತದೆ. ಅದರಲ್ಲಿ ನಾಲ್ಕೂವರೆ ಟನ್ ಬರೀ ನೀರಿನದು. ಎತ್ತರ ಇಮ್ಮಡಿಯಾದರೆ ತಳ್ಳು ನಾಲ್ಕು ಪಟ್ಟು. "ಇನ್ನೂ ಸ್ವಲ್ಪ ಎತ್ತರಿಸಿ ಬಿಡಿ" ಎಂದು ಗುತ್ತಿಗೆದಾರನಿಗೆ ಹೇಳುವವರು ಈ ನಾಲ್ಕು ಪಟ್ಟನ್ನು ನೆನಪಿಡುವುದಿಲ್ಲ.

ಇದು ಹೊಸ ವಿದ್ಯೆಯೂ ಅಲ್ಲ. ಗೋಡೆಯನ್ನು ಮಣ್ಣು ಎಷ್ಟು ತಳ್ಳುತ್ತದೆಂದು ಕ್ರಮವಾಗಿ ಲೆಕ್ಕ ಹಾಕಿ ತೋರಿಸಿದ ಕೂಲಂಬ್‌ನ ಪ್ರಬಂಧ ಅಚ್ಚಾದದ್ದು 1776ರಲ್ಲಿ. ವಿದ್ಯುತ್ತಿನ ಪಾಠದಲ್ಲಿ ನಾವು ಓದುವ ಅದೇ ಕೂಲಂಬ್. ಅದಕ್ಕೂ ಮೊದಲು ಆತ ಮಾರ್ಟಿನಿಕ್ ಎಂಬ ಮಳೆಯ ದ್ವೀಪದಲ್ಲಿ ಫ್ರೆಂಚ್ ಸೇನೆಗೆ ಕೋಟೆ ಕಟ್ಟಿಸುತ್ತಿದ್ದ ಇಂಜಿನಿಯರ್. ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ ಏರಿದಂತೆ ಕಣಗಳ ಪರಸ್ಪರ ಹಿಡಿತ ಕಡಿಮೆಯಾಗುತ್ತದೆ ಎಂಬ ತತ್ವವನ್ನು ಟೆರ್ಜಾಗಿ ಎಂಬ ಇಂಜಿನಿಯರ್ ಖಚಿತಗೊಳಿಸಿದ್ದು 1920ರ ದಶಕದಲ್ಲಿ. ಹೀಗಾಗಿ ಮಳೆ ಎರಡು ಕಡೆಯಿಂದ ಹೊಡೆಯುತ್ತದೆ: ಗೋಡೆಗೆ ಹೊರೆ ಹೆಚ್ಚಿಸುತ್ತದೆ, ಮಣ್ಣು ತಾನೇ ನಿಲ್ಲುವ ಶಕ್ತಿಯನ್ನೂ ಕಸಿಯುತ್ತದೆ.

ಮದ್ದು ಅಗ್ಗದ್ದು. ಗೋಡೆಯಲ್ಲಿ ಮೀಟರ್, ಒಂದೂವರೆ ಮೀಟರಿಗೊಂದು ತೂತು, ಅದರಲ್ಲಿ ಹೊರಕ್ಕೆ ತುಸು ಇಳಿಜಾರಾಗಿ ಒಂದು ಪಿವಿಸಿ ಪೈಪು. ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುವುದರಲ್ಲೇ ಅರ್ಧ ಅನಾಹುತವಿದೆ. ಪೈಪಿನ ಹಿಂದೆ ಜಲ್ಲಿಯ ಪದರ ಬೇಕು, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಮರಳೋ ಬಟ್ಟೆಯೋ ಬೇಕು. ಇಲ್ಲವಾದರೆ ನಮ್ಮ ಕೆಂಪು ಜೇಡಿ ಮೊದಲ ಮಳೆಗೇ ಪೈಪಿನ ಬಾಯಿಗೆ ಬಿರಡೆ ಹಾಕುತ್ತದೆ. ಜಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಬೀಳುವುದು ಅಗೆದು ಹಾಕಿದ್ದ ಮಣ್ಣೇ, ಅದರ ಜೊತೆಗೆ ಖಾಲಿ ಸಿಮೆಂಟ್ ಚೀಲ ಮತ್ತು ಒಡೆದ ಇಟ್ಟಿಗೆ. ಕೆಲವು ಕಡೆ ಪೈಪು ಗೋಡೆಯನ್ನು ದಾಟಿಯೇ ಇರುವುದಿಲ್ಲ, ಮುಂಭಾಗದಲ್ಲಿ ಗೇಣುದ್ದ ಚುಚ್ಚಿಟ್ಟ ತುಂಡು ಅಷ್ಟೆ. ಇನ್ನು ಮನೆಯವರು. ತೂತಿನಿಂದ ಕೆಂಪುನೀರು ಸುರಿದು ಬಣ್ಣ ಬಳಿದ ಗೋಡೆ ಕಲೆಯಾಯಿತೆಂದು ಮೇಸ್ತ್ರಿಯನ್ನು ಕರೆಸಿ ಗಾರೆ ಮೆತ್ತಿಸುತ್ತಾರೆ. ಮೇಸ್ತ್ರಿಯೂ ಮೆತ್ತುತ್ತಾನೆ. ಆ ದಿನದಿಂದ ಅದು ತಡೆಗೋಡೆಯಲ್ಲ, ಯಾರೂ ವಿನ್ಯಾಸ ಮಾಡದ ಅಣೆಕಟ್ಟು.

ಆಷಾಢದ ಮಳೆಯಲ್ಲಿ ಈ ರಸ್ತೆಗಳಲ್ಲಿ ಹೋಗುವವರು ಒಮ್ಮೆ ಗಮನಿಸಿ. ಸಾಲುಪೈಪುಗಳಿಂದ ತಿಳಿನೀರು ಸುರಿಯುತ್ತಿರುವ ಗೋಡೆಯ ಪಕ್ಕ ಧೈರ್ಯವಾಗಿ ಹೋಗಬಹುದು. ವಾರವಿಡೀ ಮಳೆ ಹೊಡೆದರೂ ಪೈಪುಗಳೆಲ್ಲ ಒಣಗಿದ್ದು, ಗೋಡೆಯ ಬುಡ ಮಾತ್ರ ಜಿನುಗುತ್ತಿದ್ದರೆ ಕಾರು ನಿಲ್ಲಿಸಲು ಬೇರೆ ಜಾಗ ನೋಡಿಕೊಳ್ಳುವುದು ಒಳ್ಳೆಯದು. ತಿಳಿನೀರು ಇದ್ದಕ್ಕಿದ್ದಂತೆ ರಾಡಿಯಾದರೆ ಹಿಂದಿನ ಮಣ್ಣು ಹೊರಟಿದೆ ಎಂದರ್ಥ. ಆಗ ನೋಡುತ್ತ ನಿಲ್ಲಬಾರದು.

ಇಷ್ಟು ಗೊತ್ತಿದ್ದೂ ಯಾಕೆ ಹೀಗೆ? ಕಾಂಕ್ರೀಟಿಗೆ ಘನಮೀಟರ್ ಲೆಕ್ಕದಲ್ಲಿ ಬಿಲ್ ಆಗುತ್ತದೆ, ಮೇ ತಿಂಗಳಲ್ಲಿ ಪೈಪಿನೊಳಗೆ ಕಂಬಿ ಆಡಿಸಿ ಬಾಯಿ ಬಿಡಿಸುವುದಕ್ಕೆ ಯಾವ ಬಿಲ್ಲೂ ಇಲ್ಲ. ಗೋಡೆಗೆ ಶಂಕುಸ್ಥಾಪನೆ ಉಂಟು, ಕಲ್ಲಿನ ಮೇಲೆ ಹೆಸರುಂಟು. ಗುಡ್ಡದ ನೆತ್ತಿಯಲ್ಲಿ ತೋಡಬೇಕಾದ, ಮೇಲಿನ ನೀರನ್ನು ಬದಿಗೆ ತಿರುಗಿಸುವ ಚರಂಡಿಗೆ ಯಾರೂ ರಿಬ್ಬನ್ ಕಟ್ಟುವುದಿಲ್ಲ. ಗುಡ್ಡಗಾಡಿನ ತಡೆಗೋಡೆಗಳಿಗೆಂದೇ ಐಎಸ್ 14458 ಎಂಬ ಭಾರತೀಯ ಮಾನಕವಿದೆ. ಅದು ಕಪಾಟಿನಲ್ಲಿ ಸುಖವಾಗಿದೆ. 2022ರ ಮಳೆಗಾಲದಲ್ಲಿ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿ ಬಳಿಯ ಹೊಸ ತಡೆಗೋಡೆ ಉಬ್ಬಿ ಕೆಳಗಿನ ರಸ್ತೆಯ ಸಂಚಾರವನ್ನೇ ತಡೆಯಬೇಕಾಯಿತು. ಜಿಲ್ಲಾಡಳಿತದ ಕಣ್ಣೆದುರಿನ ಗೋಡೆಯ ಪಾಡೇ ಅದಾದರೆ, ಒಳಹಳ್ಳಿಯ ತಿರುವಿನ ಗೋಡೆಯನ್ನು ಯಾರು ಕೇಳುತ್ತಾರೆ?

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. 2019ರ ಆಗಸ್ಟ್‌ನ ಮಳೆಗೆ ಇದೇ ಮೂಡಿಗೆರೆ ಕಡೆಯ ಮಲೆಮನೆ, ಮಧುಗುಂಡಿಯಲ್ಲಿ ಜಾರಿದ್ದು ಮನೆಯ ಹಿಂದಿನ ಧರೆ ಮಾತ್ರವಲ್ಲ, ಮರಗಿಡ ಕಾಫಿ ಸಮೇತ ಗುಡ್ಡದ ಮಗ್ಗುಲೇ. ಚಾರ್ಮಾಡಿ ಘಾಟಿಯಲ್ಲಿ ಧರೆ ಸಾಲುಸಾಲಾಗಿ ಕುಸಿದು ಭಾರಿ ವಾಹನಗಳಿಗೆ ತಿಂಗಳುಗಟ್ಟಲೆ ದಾರಿಯಿರಲಿಲ್ಲ. ಅಂಥ ಮಳೆಗೆ ನಿಮ್ಮ ಪೈಪು, ಚರಂಡಿ ಏನು ಮಾಡುತ್ತವೆ ಎಂದು ಕೇಳಿದರೆ ಒಪ್ಪಬೇಕು: ಏನೂ ಮಾಡಲಾರವು. ಆದರೆ ಅಂಥ ಕಡೆ ಗೋಡೆಯೂ ಏನೂ ಮಾಡಲಾರದು. ಅಲ್ಲಿ ಇಂಜಿನಿಯರ್ ಹೇಳಬೇಕಾದ ಮಾತು "ಇಲ್ಲಿ ಕಟ್ಟಬೇಡಿ" ಎಂಬುದೊಂದೇ. ಗೋಡೆಯ ಎಸ್ಟಿಮೇಟ್ ಬರೆಯುವುದು ಆ ಮಾತನ್ನು ನುಂಗಿಕೊಳ್ಳುವ ಸಭ್ಯ ದಾರಿಯಾಗಿಬಿಟ್ಟಿದೆ. 2018ರ ಕೊಡಗಿನ ಕುಸಿತಗಳನ್ನು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯೂ ರಸ್ತೆ, ಮನೆಗಳಿಗಾಗಿ ಇಳಿಜಾರು ಕಡಿದದ್ದರ ಕಡೆಗೇ ಬೆರಳು ತೋರಿಸಿತು.

ಹಳೆಯ ಕಾಲದವರು ಇಳಿಜಾರು ಕಡಿಯುವ ಜೆಸಿಬಿ ಇಲ್ಲದೆಯೇ ಬದುಕಲಿಲ್ಲವೇ ಎನ್ನುವವರಿಗೆ, ಅವರಿಗೆ ಜೆಸಿಬಿ ಸಿಕ್ಕಿರಲಿಲ್ಲ ಎಂಬುದಷ್ಟೇ ಉತ್ತರ.

ಇನ್ನೊಂದು ಪ್ರಶ್ನೆಗೆ ಇಷ್ಟು ಸುಲಭದ ಉತ್ತರವಿಲ್ಲ. ತೋಟದವರು ಕಡಿಯದೆ ಬಿಡಬಹುದು, ಹೋಂಸ್ಟೇಗೆ ಬೇರೆ ಜಾಗ ಹುಡುಕಬಹುದು. ತೋಟದ ಲೈನ್ ಮನೆಯಿಂದ ಹೊರಬಂದು, ರಸ್ತೆಬದಿಯ ಮೂರು ಗುಂಟೆ ಇಳಿಜಾರಿನಲ್ಲಿ ಸರ್ಕಾರಿ ಯೋಜನೆಯ ಮನೆ ಕಟ್ಟಿಕೊಳ್ಳುವ ಕೂಲಿಯವರು ಧರೆ ಕಡಿಯದೆ ಅಡಿಗೆಮನೆಯನ್ನು ಎಲ್ಲಿಡಬೇಕು? ಮನೆಗೆ ಅನುದಾನವಿದ್ದರೂ ಹಿಂದಿನ ಧರೆಗೆ ಅದರಲ್ಲಿ ಪಾಲಿರುವುದಿಲ್ಲ. ಪಂಚಾಯಿತಿಗೆ ಕೊಡುವ ನಕ್ಷೆಯಲ್ಲಿ ಕೋಣೆ, ಬಾಗಿಲುಗಳಿರುತ್ತವೆ, ಮೇಲಿನ ಗುಡ್ಡ ಇರುವುದಿಲ್ಲ. ಅವರ ಧರೆಯನ್ನು ನಿಜವಾಗಿ ಕಾಯಬೇಕಾದ ಚರಂಡಿ ತೋಡಬೇಕಾದ್ದು ಅವರ ಜಾಗದಲ್ಲೂ ಅಲ್ಲ, ಧರೆಯ ನೆತ್ತಿಯ ಮೇಲಿರುವ ಇನ್ನೊಬ್ಬರ ತೋಟದಲ್ಲಿ. ಆ ತೋಟದವರು ಕಾಫಿ ಸಾಲಿನ ನಡುವೆ ತೊಟ್ಟಿಲುಗುಂಡಿ ತೆಗೆದು ಮಳೆನೀರನ್ನು ಇಂಗಿಸುತ್ತಿರುತ್ತಾರೆ. ಗಿಡಕ್ಕೆ, ಮಣ್ಣಿಗೆ ಅದು ಒಳ್ಳೆಯ ಬೇಸಾಯವೇ. ಕಡಿದ ಧರೆಯ ನೆತ್ತಿಯಲ್ಲಿ ಮಾತ್ರ ಅದೇ ಗುಂಡಿ ಕೆಳಗಿನ ಮನೆಯ ಗೋಡೆಗೆ ನೀರು ಕಟ್ಟಿಕೊಡುತ್ತದೆ. ಧರೆಯ ಅಂಚಿನ ಕೆಲವು ಸಾಲುಗಳಲ್ಲಿ ಗುಂಡಿ ಮುಚ್ಚಿ, ನೀರನ್ನು ಬದಿಯ ಹಳ್ಳಕ್ಕೆ ತಿರುಗಿಸಲು ಒಂದೆರಡು ಆಳಿನ ಕೆಲಸ ಸಾಕು. ಆದರೆ ಹಾಗೆ ಮಾಡಿ ಎಂದು ಮೇಲಿನವರಿಗೆ ಹೇಳಬೇಕಾದವರು ಅವರದೇ ತೋಟದಲ್ಲಿ ಕೂಲಿ ಮಾಡುವವರು. ಹೇಳುವುದಿಲ್ಲ. ಮಳೆಗಾಲಕ್ಕೆ ಮುಂಚೆ ಪಂಚಾಯಿತಿಯ ಇಂಜಿನಿಯರೇ ಮೇಲಿನ ತೋಟಕ್ಕೆ ಹತ್ತಿ ಹೋಗಿ ಹೇಳಬೇಕು.